ರಾತ್ರಿ ವಾಚನ್ನು ಹೇಗೆ ಇಡುತ್ತೀರಿ?

"ರಾತ್ರಿ ಮಲಗುವಾಗ ವಾಚನ್ನು ಹೇಗೆ ಇಡುತ್ತೀರಿ, ಮೇಡಂ?" ಮೈಸೂರಿನ ಒಬ್ಬ ಹಿರಿಯ ವಾಚ್ ರಿಪೇರಿಯವರು ಹೀಗೆ ಕೇಳಿದ್ದು ಮಂಗಳವಾರ. ಶನಿವಾರವಾದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ವಾಚು ಅಪ್ಪನದು, ಎಚ್‌ಎಂಟಿ ಜನತಾ. ಹದಿನೇಳು ಕಲ್ಲಿನದು (ಚಕ್ರಗಳ ಅಚ್ಚು ಸವೆಯದಂತೆ ಕೂರಿಸುವ ಪುಟ್ಟ ಕಲ್ಲುಗಳು), ದಿನಕ್ಕೊಮ್ಮೆ ಕೀ ಕೊಡಬೇಕು. ಇತ್ತೀಚೆಗೆ ದಿನಕ್ಕೆ ಐದಾರು ನಿಮಿಷ ಹಿಂದೆ ಬೀಳುತ್ತಿತ್ತು. ಮೊದಲು ತೋರಿಸಿದ ಅಂಗಡಿಯವನು ಹಿಂದಿನ ಮುಚ್ಚಳವನ್ನೂ ತೆಗೆಯದೆ, "ಈ ಮಷೀನ್ ಕಿತ್ತು ಬ್ಯಾಟರಿಯದು ಕೂರಿಸಿಬಿಡೋಣ" ಎಂದ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ. ಬೆಂಗಳೂರಿನ ಕಾರ್ಖಾನೆಯಲ್ಲಿ ನಮ್ಮವರೇ ಜೋಡಿಸಿದ, ಇನ್ನೂ ಓಡುತ್ತಿರುವ ಯಂತ್ರವನ್ನು ಕಣ್ಣೆತ್ತಿಯೂ ನೋಡದೆ ಕಸಕ್ಕೆ ಹಾಕಲು ಹೊರಡುವುದೇ?

ಈ ಹಿರಿಯರು ಮುಚ್ಚಳ ತೆಗೆದು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ, ನನಗೂ ತೋರಿಸಿದ್ದರು. ಎಣ್ಣೆ ಒಣಗಿ ಕಲ್ಲುಗಳ ಸುತ್ತ ಕಂದು ಬಣ್ಣದ ಅಂಟಾಗಿತ್ತು. ಎಲ್ಲವನ್ನೂ ಕಳಚಿ, ತೊಳೆದು, ಸೂಜಿಯ ತುದಿಯಲ್ಲಿ ನಿಲ್ಲುವಷ್ಟೇ ಹೊಸ ಎಣ್ಣೆ ಮುಟ್ಟಿಸಿ ಜೋಡಿಸಿಟ್ಟಿದ್ದರು. ಮಂಗಳವಾರ ನನ್ನೆದುರೇ ಅದನ್ನು ಟಿಕ್ ಟಿಕ್ ಸದ್ದಿನಿಂದಲೇ ವೇಗ ಅಳೆಯುವ ಯಂತ್ರದ ಮೇಲೆ ಇಟ್ಟರು. ಮುಖ ಮೇಲಾಗಿ ಮಲಗಿಸಿದರೆ ದಿನಕ್ಕೆ ಹತ್ತು ಸೆಕೆಂಡು ಮುಂದೆ. ಕೀ ಕೆಳಗಾಗುವಂತೆ ನಿಲ್ಲಿಸಿದರೆ ಎಂಟು ಸೆಕೆಂಡು ಹಿಂದೆ. ಮಲಗಿದಾಗ ಬ್ಯಾಲೆನ್ಸ್ ಚಕ್ರದ, ಅಂದರೆ ಅತ್ತಿತ್ತ ಆಡುತ್ತಾ ವಾಚಿನ ವೇಗ ಕಾಯುವ ಚಕ್ರದ, ಅಚ್ಚು ತುದಿಯ ಮೇಲಷ್ಟೇ ತಿರುಗುತ್ತದೆ, ನಿಲ್ಲಿಸಿದರೆ ಪಕ್ಕ ಉಜ್ಜುತ್ತದೆ ಎಂದು ವಿವರಿಸಿದರು. ಆಮೇಲೆ ಬಂದದ್ದೇ ಆ ಪ್ರಶ್ನೆ.

"ಮೇಜಿನ ಮೇಲೆ, ಮುಖ ಮೇಲಾಗಿ" ಎಂದೆ.

"ಹಾಗಾದರೆ ಸರಿ. ಹಗಲು ಕೈಯಲ್ಲಿ ಕಳೆದುಕೊಂಡದ್ದನ್ನು ರಾತ್ರಿ ಸಂಪಾದಿಸಿಕೊಳ್ಳುತ್ತದೆ. ಮೊಬೈಲಿನ ಸ್ಪೀಕರ್ ಪಕ್ಕ ಮಾತ್ರ ಇಡಬೇಡಿ. ಅಯಸ್ಕಾಂತ ತಗುಲಿದರೆ ಆ ಚಕ್ರವನ್ನು ಆಡಿಸುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ತೀರಾ ಮುಂದೆ ಓಡತೊಡಗುತ್ತದೆ."

ಈ ವಾಚಿನದು ಗಂಟೆಗೆ 18,000 ಬಡಿತ, ಅಂದರೆ ದಿನಕ್ಕೆ 4,32,000. ಅಷ್ಟೊಂದು ಬಡಿತಗಳ ನಡುವೆ ಹತ್ತು ಸೆಕೆಂಡಿನ ತಪ್ಪು ಬರುವುದು ಐವತ್ತು ಬಡಿತಗಳಷ್ಟು. ಅದನ್ನೂ ನನ್ನ ಮಲಗುವ ಕೋಣೆಯ ಮೇಜಿನವರೆಗೆ ಬಂದು ಸರಿದೂಗಿಸಿದ ಮನುಷ್ಯ ಇವರು. ಸ್ವಿಟ್ಜರ್ಲೆಂಡಿನಲ್ಲಿ ಕ್ರೋನೋಮೀಟರ್, ಅಂದರೆ ಅತಿ ನಿಖರವಾದ ವಾಚು, ಎಂಬ ಪ್ರಮಾಣಪತ್ರ ಕೊಡುವ ಮುನ್ನ ವಾಚಿನ ಯಂತ್ರವನ್ನು 15 ದಿನ, ಐದು ಭಂಗಿಗಳಲ್ಲಿ ಪರೀಕ್ಷಿಸುತ್ತಾರೆ. ದಿನದ ಸರಾಸರಿ ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ, ಅದರೊಳಗೇ ಇರಬೇಕು. ದೊಡ್ಡ ಕೆಲಸವೇ. ಆದರೆ ಅದನ್ನು ಕಟ್ಟಿಕೊಳ್ಳುವವರು ಯಾರು, ಹೇಗೆ ಬದುಕುತ್ತಾರೆ ಎಂಬುದು ಆ ಪರೀಕ್ಷೆಗೆ ತಿಳಿಯುವುದಿಲ್ಲ. ನನ್ನ ರಕ್ತದೊತ್ತಡಕ್ಕೆ ಮಾತ್ರೆ ಬರೆದುಕೊಡುವ ವೈದ್ಯರು ನಾನು ಎಷ್ಟು ಹೊತ್ತು ಮಲಗುತ್ತೇನೆ ಎಂದು ಈವರೆಗೆ ಕೇಳಿಲ್ಲ. ಮಗನ ಶಾಲೆಯಲ್ಲಿ ಅಂಕಪಟ್ಟಿ ಕೊಡುವವರೂ ಅವನು ಮನೆಯಲ್ಲಿ ಎಲ್ಲಿ ಕುಳಿತು ಓದುತ್ತಾನೆ ಎಂದು ವಿಚಾರಿಸಿದವರಲ್ಲ. ಸಮಯವಿಲ್ಲ ಎನ್ನುತ್ತಾರೆ.

ಇಷ್ಟೆಲ್ಲಕ್ಕೂ ಅವರು ಕೇಳಿದ್ದು ನಾಲ್ಕು ನೂರು ರೂಪಾಯಿ. ಹೆಚ್ಚು ಕೊಡಲು ಹೋದರೆ ಕೈ ಹಿಂದೆಳೆದುಕೊಂಡರು. ಇಷ್ಟು ಕಡಿಮೆ ತೆಗೆದುಕೊಳ್ಳುವುದು ನ್ಯಾಯವಲ್ಲ ಎಂದು ಮುಖಕ್ಕೇ ಹೇಳಿ ಬಂದಿದ್ದೇನೆ. ಅತ್ತೆಯವರ ವಾಚು ಒಯ್ಯುವಾಗ ಮತ್ತೆ ಹೇಳುತ್ತೇನೆ.