ಶಾರ್ಲಟ್ ಕೌದಿ: ಮೂರನೆಯ ಚೌಕ ಕೊನೆಗೂ ಕೂತಿತು

ಮೂರನೆಯ ಚೌಕದ ಹೊಲಿಗೆ ನಿನ್ನೆ ರಾತ್ರಿ ಮುಗಿಯಿತು. ಇಡೀ ಕೌದಿಯಲ್ಲಿ ನನ್ನನ್ನು ಸತಾಯಿಸಿದ್ದು ಈ ಒಂದು ಚೌಕ. ತೇಪೆಯಿಲ್ಲ, ಬಣ್ಣದ ಬಟ್ಟೆಯಿಲ್ಲ, ಬರೀ ಬಿಳಿ ಪಂಚೆ. 2017ರಿಂದ 2020ರ ಕೊನೆಯವರೆಗೆ ತಾರತಮ್ಯ ತಡೆಯುವ ಹೊಸ ನಿಯಮ ಮಾಡದಂತೆ ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದ ಊರುಗಳ ಕೈ ಕಟ್ಟಿಹಾಕಿದ್ದು ಈ ಖಾಲಿ ಜಾಗವೇ. ಅದನ್ನು ಸೂಜಿ ದಾರದಲ್ಲಿ ಹೇಳುವ ದಾರಿ ಸಿಕ್ಕಿದ ಖುಷಿಯಲ್ಲಿ ಬರೆಯುತ್ತಿದ್ದೇನೆ.

ಒಗೆದದ್ದು, ಗಂಜಿ ಹಾಕಿದ್ದು, ಅಂಚು ಮಡಚಿದ್ದು ನಿಮಗೆಲ್ಲ ಗೊತ್ತಿರುವ ಕೆಲಸ, ಬಿಡುತ್ತೇನೆ. ಯೋಜನೆ ಹಿಂದಿನದೇ. ಊರು ಒಂದೇ, ನಾನಿರುವ ಶಾರ್ಲಟ್. ನಾಲ್ಕು ಚೌಕಗಳಲ್ಲಿ ಊರು ಮತ್ತು ರಾಜ್ಯದ ನಡುವಿನ ಕಾನೂನು ಜಗ್ಗಾಟದ ನಾಲ್ಕು ಹಂತ. ನಗರದ ನಿಯಮಕ್ಕೆ ಕೆಂಪು ಗುಳೇದಗುಡ್ಡ ಖಣ, ರಾಜ್ಯದ ಕಾನೂನಿಗೆ ಕಡುನೀಲಿ ಹತ್ತಿ, ನಡುವೆ ಪಂಚೆ, ಅಡಿಯ ಅಸ್ತರಿಗೆ ಹಳೆಯ ಇಳಕಲ್ ಸೀರೆ. ಆ ಅಸ್ತರು 1964ರ ಕೇಂದ್ರ ನಾಗರಿಕ ಹಕ್ಕುಗಳ ಕಾಯಿದೆ.

ಮೊದಲ ಚೌಕ 2016ರ ಫೆಬ್ರವರಿ 22. ಅಂದು ನಗರಸಭೆ 7–4 ಮತಗಳಿಂದ ತನ್ನ ತಾರತಮ್ಯ ವಿರೋಧಿ ನಿಯಮಕ್ಕೆ ಲೈಂಗಿಕ ಒಲವು ಮತ್ತು ಲಿಂಗತ್ವ ಗುರುತನ್ನು ಸೇರಿಸಿತು. ಅಂಗಡಿ, ಹೋಟೆಲು, ಟ್ಯಾಕ್ಸಿಗಳಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ಹೊರಗೆ ಕಳಿಸುವಂತಿಲ್ಲ. ತಮ್ಮ ಲಿಂಗತ್ವ ಗುರುತಿಗೆ ತಕ್ಕ ಶೌಚಾಲಯವನ್ನು ಅವರು ಬಳಸಬಹುದು. ಇಂಥ ನಿಯಮ ಏಕೆ ಬೇಕಿತ್ತು ಎಂದು ಕೇಳುವವರಿಗೆ ನಾನು ಅಸ್ತರನ್ನು ಮಗುಚಿ ತೋರಿಸುತ್ತೇನೆ. 1964ರ ಕಾಯಿದೆಯಲ್ಲಿ ಹೋಟೆಲು, ಊಟದ ಮನೆಗಳ ಭಾಗಕ್ಕೆ ಬಂದರೆ ಜನಾಂಗ, ಬಣ್ಣ, ಧರ್ಮ, ರಾಷ್ಟ್ರಮೂಲ ಇಷ್ಟೇ ಇವೆ. ಅಲ್ಲಿ ಸೀರೆ ತೆಳುವಾಗಿದೆ. ತೆಳುವಾದ ಕಡೆ ಊರು ತಾನೇ ಒಂದು ತೇಪೆ ಹಾಕಿತು. ಆದರೆ ನಿಯಮ ಜಾರಿಗೆ ಬರಬೇಕಿದ್ದದ್ದು ಏಪ್ರಿಲ್ 1ರಂದು. ಆ ದಿನ ಬರುವ ಮೊದಲೇ ರಾಜ್ಯ ಅದನ್ನು ಮುಚ್ಚಿತು. ಹಾಗಾಗಿ ಈ ಖಣವನ್ನು ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲೇ ನಿಲ್ಲಿಸಿದ್ದೇನೆ. ದಾರ ಎದ್ದು ಕಾಣುತ್ತದೆ, ಕಾಣಲೆಂದೇ ಬಿಟ್ಟದ್ದು.

ಎರಡನೆಯದು ಎಚ್‌ಬಿ 2, ಅಂದರೆ ರಾಜ್ಯ ಶಾಸನಸಭೆಯ 'ಹೌಸ್ ಬಿಲ್ 2'. ಮಾರ್ಚ್ 23ರಂದು ವಿಶೇಷ ಅಧಿವೇಶನ ಕರೆದು, ಎರಡೂ ಸದನಗಳಲ್ಲಿ ಒಂದೇ ದಿನದಲ್ಲಿ ಪಾಸು ಮಾಡಿ, ಅದೇ ರಾತ್ರಿ ಗವರ್ನರ್ ಪ್ಯಾಟ್ ಮೆಕ್‌ಕ್ರೋರಿ ಅವರ ಸಹಿಯನ್ನೂ ಹಾಕಿಸಿಕೊಂಡ ಕಾನೂನು. ಸರ್ಕಾರಿ ಕಟ್ಟಡ ಮತ್ತು ಶಾಲೆಗಳ ಶೌಚಾಲಯಗಳಿಗೆ ಜನನ ಪ್ರಮಾಣಪತ್ರದ ಲಿಂಗವೇ ಆಧಾರ ಎಂದಿತು. ರಕ್ಷಣೆ ಯಾರಿಗೆ ಎಂಬ ಪಟ್ಟಿಯನ್ನು ರಾಜ್ಯವೇ ಬರೆಯಿತು, ಲೈಂಗಿಕ ಒಲವು ಮತ್ತು ಲಿಂಗತ್ವ ಗುರುತನ್ನು ಅದರಲ್ಲಿ ಸೇರಿಸಲಿಲ್ಲ, ಅದನ್ನು ಮೀರಿ ಯಾವ ಊರೂ ಹೋಗಕೂಡದು ಎಂದಿತು. ಖಾಸಗಿ ಕೆಲಸಗಾರರಿಗೆ ಹೆಚ್ಚಿನ ಕನಿಷ್ಠ ಕೂಲಿ ನಿಗದಿ ಮಾಡುವ ಅಧಿಕಾರವನ್ನೂ ಊರುಗಳಿಂದ ಕಿತ್ತುಕೊಂಡಿತು. ಶೌಚಾಲಯದ ಗದ್ದಲದಲ್ಲಿ ಈ ಕೂಲಿಯ ಮಾತು ಎಷ್ಟೋ ಜನರ ಕಿವಿಗೇ ಬೀಳಲಿಲ್ಲ. ಅದಕ್ಕೇ ನೀಲಿ ಬಟ್ಟೆಯನ್ನು ಚೌಕಕ್ಕಿಂತ ದೊಡ್ಡದಾಗಿ ಕತ್ತರಿಸಿ ಅಂಚಿನ ಮೇಲೂ ಹರಡಿದ್ದೇನೆ. ಬಣ್ಣ ಬಿಡುವುದೇ ಇಲ್ಲ ಎಂದು ಅಂಗಡಿಯವರು ಆಣೆ ಮಾಡಿ ಕೊಟ್ಟ ಬಟ್ಟೆ ಅದು. ಮೊದಲ ನೀರಿಗೇ ಬಕೆಟ್ ನೀಲಿಯಾಯಿತು. ಉಪ್ಪು, ವಿನೆಗರ್, ಮತ್ತೆ ಉಪ್ಪು. ಬದಲಿಸಿ ಕೊಡಿ ಎಂದರೆ ಉತ್ತರವೇ ಇಲ್ಲ.

ನಮ್ಮ ಹೊಲಿಗೆ ಗುಂಪಿನ ಹಿರಿಯ ಅಕ್ಕ ಒಬ್ಬರು ಈ ಚೌಕ ನೋಡಿ ಕೇಳಿದರು: "ರಾಜ್ಯ ಒಂದೇ ಅಂದಮೇಲೆ ಕಾನೂನೂ ಒಂದೇ ಇರಬೇಡವೇನಮ್ಮ? ಊರಿಗೊಂದು ನಿಯಮವಾದರೆ ವ್ಯಾಪಾರ ಮಾಡುವವರ ಗತಿ ಏನು?" ಶಾಸಕರು ಮುಂದಿಟ್ಟ ವಾದಗಳಲ್ಲಿ ಇದೂ ಒಂದು. ಆರ್ಕನ್ಸಾ ರಾಜ್ಯ 2015ರಲ್ಲಿ ಮಾಡಿದ ಇಂಥದೇ ಕಾನೂನಿನ ಹೆಸರಿನಲ್ಲಿ ವಾಣಿಜ್ಯವಷ್ಟೇ ಇದೆ. ಅಧಿಕಾರದ ಲೆಕ್ಕದಲ್ಲಿ ರಾಜ್ಯದ ಕೈಯೇ ಮೇಲು, ಒಪ್ಪುತ್ತೇನೆ. ಊರುಗಳಿಗೆ ರಾಜ್ಯ ಕೊಟ್ಟಷ್ಟೇ ಅಧಿಕಾರ ಎಂದು ಆಯೋವಾ ರಾಜ್ಯದ ನ್ಯಾಯಾಧೀಶ ಜಾನ್ ಡಿಲನ್ 1868ರಲ್ಲೇ ಬರೆದರು, ಆ ಸೂತ್ರ ಇವತ್ತಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ. ಆದರೆ ಅಕ್ಕನ ಕೈಗೆ ಅಸ್ತರು ಕೊಟ್ಟು ಮುಟ್ಟಿ ನೋಡಿ ಎಂದೆ. 1964ರ ಕಾಯಿದೆಯೂ ಕೆಳಗಿನ ಕಾನೂನುಗಳನ್ನು ಮೀರಿದ ಕಾನೂನೇ. ಇದಕ್ಕಿಂತ ಕೆಳಗೆ ಇಳಿಯಬೇಡಿ ಎಂದು ಅದು ಹೇಳುತ್ತದೆ, ಅದರ ಮೇಲೆ ಯಾರು ಎಷ್ಟು ತೇಪೆ ಹಾಕಿದರೂ ತಡೆಯುವುದಿಲ್ಲ. ಎಚ್‌ಬಿ 2 ಹೇಳಿದ್ದು ಇದಕ್ಕಿಂತ ಮೇಲೆ ಏಳಬೇಡಿ ಎಂದು. ಏಕರೂಪತೆಯೇ ಬೇಕಿದ್ದರೆ ಶಾರ್ಲಟ್ ನಿಯಮವನ್ನೇ ರಾಜ್ಯಕ್ಕೆಲ್ಲ ಹರಡಬಹುದಿತ್ತಲ್ಲ? ಅಕ್ಕ ಒಪ್ಪಲಿಲ್ಲ. ಆದರೆ ನೀಲಿಯ ಅಂಚು ಮಡಚಿ ಕೊಟ್ಟವರು ಅವರೇ, ನನಗಿಂತ ನೇರವಾಗಿ ಮಡಚುತ್ತಾರೆ.

ಇನ್ನು ಮೂರನೆಯ ಚೌಕ. 2016ರ ಡಿಸೆಂಬರ್‌ನಲ್ಲಿ ಒಂದು ಒಪ್ಪಂದದ ಮಾತಾಯಿತು: ನಗರ ತನ್ನ ನಿಯಮ ತೆಗೆದರೆ ರಾಜ್ಯ ಎಚ್‌ಬಿ 2 ತೆಗೆಯುತ್ತದೆ. ನಗರ ತೆಗೆಯಿತು. ಶಾಸನಸಭೆ ಸೇರಿತು, ಜಗಳವಾಡಿತು, ಎಚ್‌ಬಿ 2 ಅನ್ನು ಹಾಗೇ ಬಿಟ್ಟು ಎದ್ದುಹೋಯಿತು. ಅಷ್ಟರಲ್ಲಿ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ 2017ರ ಆಲ್ ಸ್ಟಾರ್ ಪಂದ್ಯವನ್ನು ಶಾರ್ಲಟ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಒಯ್ದಿತ್ತು, ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ತನ್ನ ಪಂದ್ಯಾವಳಿಗಳನ್ನು ರಾಜ್ಯದಿಂದ ಹಿಂತೆಗೆದುಕೊಂಡಿತ್ತು, ಮೆಕ್‌ಕ್ರೋರಿ ಚುನಾವಣೆ ಸೋತಿದ್ದರು. ಕೊನೆಗೆ 2017ರ ಮಾರ್ಚ್ 30ರಂದು ಹೊಸ ಗವರ್ನರ್ ರಾಯ್ ಕೂಪರ್ ಎಚ್‌ಬಿ 142ಕ್ಕೆ ಸಹಿ ಹಾಕಿದರು. ಎಚ್‌ಬಿ 2 ರದ್ದು.

ಕೆಂಪೂ ಹೋಯಿತು, ನೀಲಿಯೂ ಹೋಯಿತು. ಉಳಿದದ್ದು ಪಂಚೆ. ಹಾಗೇ ಬಿಟ್ಟರೆ ನೋಡಿದವರೆಲ್ಲ "ಸದ್ಯ, ಬಗೆಹರಿಯಿತಲ್ಲ" ಎನ್ನುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು, ಏಕೆಂದರೆ ಏನೂ ಬಗೆಹರಿದಿರಲಿಲ್ಲ. ತೆಳು ನೀಲಿ ಆರ್ಗಂಡಿ ಹೊದಿಸಿ ನೋಡೋಣವೆಂದರೆ, ಹತ್ತಿಯದು ಎಂದು ಮಾರಿದವರು ಕಳಿಸಿದ್ದು ಪಾಲಿಯೆಸ್ಟರ್. ಇಸ್ತ್ರಿ ತಾಗಿದ್ದೇ ಮುದುಡಿ ಅಂಟಿಕೊಂಡಿತು. ಅಸಲಿ ಆರ್ಗಂಡಿ ತರಿಸಿ ಹಾಕಿದರೆ ಚೌಕ ಚೆಂದವಾಗಿಬಿಟ್ಟಿತು, ಆ ಕಾಲಕ್ಕೆ ಸಲ್ಲದ ಚೆಂದ. ಖಣವನ್ನು ಹೊಲಿದು ಬಿಚ್ಚಿ ಸೂಜಿಯ ತೂತುಗಳನ್ನು ಉಳಿಸಿದೆ. ಹಳೆಯ ಪಂಚೆ, ಒಮ್ಮೆ ನೆನೆದರೆ ನೂಲು ಕೂಡಿಕೊಂಡು ತೂತು ಮಾಯ. ಉಳಿದರೂ ಅವು ಹಿಂದೆ ಏನಿತ್ತೆಂದು ಹೇಳುತ್ತವೆಯೇ ಹೊರತು ಮುಂದೆ ಏನು ಮಾಡಬಾರದೆಂದು ಹೇಳುವುದಿಲ್ಲ.

ದಾರಿ ಸಿಕ್ಕಿದ್ದು ಎಚ್‌ಬಿ 142ರ ಪಠ್ಯವನ್ನೇ ಮುಂದಿಟ್ಟುಕೊಂಡು ಕೂತಾಗ. ಪುಟ್ಟ ಕಾನೂನು ಅದು. ಮೊದಲ ವಿಧಿ ಎಚ್‌ಬಿ 2 ಅನ್ನು ತೆಗೆಯುತ್ತದೆ. ಎರಡನೆಯದು ಶೌಚಾಲಯದ ವಿಷಯ ರಾಜ್ಯದ ಶಾಸನಸಭೆಗೆ ಮಾತ್ರ ಸೇರಿದ್ದು ಎನ್ನುತ್ತದೆ, ಅದಕ್ಕೆ ಕೊನೆಯ ದಿನವಿಲ್ಲ. ಮೂರನೆಯದು ಖಾಸಗಿ ಉದ್ಯೋಗ ಮತ್ತು ಅಂಗಡಿ ಹೋಟೆಲುಗಳ ಬಗ್ಗೆ ಯಾವ ಊರೂ ಹೊಸ ನಿಯಮ ಮಾಡಕೂಡದು ಎನ್ನುತ್ತದೆ, ಅದಕ್ಕೆ 2020ರ ಡಿಸೆಂಬರ್ 1ರ ಗಡುವಿದೆ. ಒಂದು ಶಾಶ್ವತ, ಇನ್ನೊಂದು ತಾತ್ಕಾಲಿಕ. ಇಷ್ಟು ದಿನ ಬಟ್ಟೆ ಹುಡುಕುತ್ತಿದ್ದೆ, ಬೇಕಿದ್ದದ್ದು ಎರಡು ಬಗೆಯ ಹೊಲಿಗೆ.

ಈಗ ಚೌಕ ಹೀಗಿದೆ. ತೇಪೆ ಇರಬೇಕಿದ್ದ ಜಾಗದ ತುಂಬ ಅಂಚಿನಿಂದ ನಡುವಿನವರೆಗೆ ನೀಲಿ ದಾರದ ಸಾಲು ಹೊಲಿಗೆ, ಅಕ್ಕಿ ಕಾಳು ಜೋಡಿಸಿದಷ್ಟು ಒತ್ತಾಗಿ. ಪಂಚೆ, ಅಸ್ತರು ಎರಡನ್ನೂ ಬಿಗಿದು ನಿಂತಿದೆ. ಹೊಸ ಖಣ ತಂದರೂ ಕೂರಿಸಲು ಎಡೆಯಿಲ್ಲ. ಆದರೆ ಈ ದಾರಕ್ಕೆ ಗಂಟು ಹಾಕಿಲ್ಲ, ಬಾಲ ಉದ್ದಕ್ಕೆ ಬಿಟ್ಟಿದ್ದೇನೆ, ಎಳೆದರೆ ಬರುತ್ತದೆ. ಎಡಗಡೆ ಬೆರಳಗಲದ ಒಂದು ಪಟ್ಟಿ ಮಾತ್ರ ಬಖಿಯಾ ಹೊಲಿಗೆ, ಪ್ರತಿ ಸಾಲಿಗೂ ಗಂಟು. ಅದು ಶೌಚಾಲಯದ ವಿಧಿ. ಅಕ್ಕ ಕಣ್ಣು ಮುಚ್ಚಿ ಬೆರಳಾಡಿಸಿ, "ಇಲ್ಲಿ ಗಟ್ಟಿ, ಇಲ್ಲಿ ಸಡಿಲ" ಎಂದರು. ವಿವರಿಸದೆಯೇ ತಿಳಿಯಿತು! ಈ ಮಾತಿಗಾಗಿಯೇ ಇಷ್ಟು ದಿನ ಕಾದಿದ್ದೆ.

ನಾಲ್ಕನೆಯ ಚೌಕ ಬಹುಪಾಲು ಸಿದ್ಧ. ಗಡುವು ಮುಗಿದದ್ದೇ 2021ರ ಜನವರಿಯಲ್ಲಿ ಹಿಲ್ಸ್‌ಬರೋ ಎಂಬ ಪುಟ್ಟ ಊರು ಮೊದಲು ನಿಯಮ ಮಾಡಿತು. ಅದರ ಬೆನ್ನಿಗೇ ಕಾರ್ಬರೋ, ಚಾಪೆಲ್ ಹಿಲ್, ಡರ್ಹಾಮ್. ಶಾರ್ಲಟ್ ಆಗಸ್ಟ್‌ನಲ್ಲಿ ಮಾಡಿತು. ಮತ್ತೆ ಕೆಂಪು ಖಣ, ಆದರೆ ಎಡಗಡೆಯ ಪಟ್ಟಿಯನ್ನು ಬಿಟ್ಟು. ಆ ಪಟ್ಟಿಯಲ್ಲಿ ಒಂದೇ ಕಡೆ ಗಂಟು ಬಿಚ್ಚಿದ್ದೇನೆ: ರಾಜ್ಯದ ಹಿಡಿತದಲ್ಲಿರುವ ಕಟ್ಟಡಗಳಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ತಡೆಯಲು ಎಚ್‌ಬಿ 142 ಅನ್ನು ಬಳಸುವಂತಿಲ್ಲ ಎಂಬ ರಾಜಿ ತೀರ್ಪು 2019ರಲ್ಲಿ ಕೇಂದ್ರ ನ್ಯಾಯಾಲಯದಿಂದ ಬಂತು.

ಇದು ಮುಗಿಯುವ ಮೊದಲೇ ಮುಂದಿನದು ತಲೆ ಹೊಕ್ಕಿದೆ: ಕೊಲರಾಡೋ ರಾಜ್ಯ. ಆಸ್ಪೆನ್, ಬೌಲ್ಡರ್, ಡೆನ್ವರ್, ಮೂರು ಊರು, ಮೂರು ಕೆಂಪು ತೇಪೆ. ಸಲಿಂಗಿಗಳಿಗೆ ಇಂಥ ರಕ್ಷಣೆ ಕೊಡುವ ನಿಯಮಗಳನ್ನೆಲ್ಲ ತಡೆಯುವ ತಿದ್ದುಪಡಿಯನ್ನು 1992ರಲ್ಲಿ ರಾಜ್ಯದ ಮತದಾರರೇ ಒಪ್ಪಿದರು. ನ್ಯಾಯಾಲಯ ಅದನ್ನು ಜಾರಿಗೆ ಬರಲು ಬಿಡಲಿಲ್ಲ. 1996ರ ಮೇ 20ರಂದು ಸುಪ್ರೀಂ ಕೋರ್ಟ್ 6–3ರಿಂದ ಹೊಡೆದುಹಾಕಿತು, ತೀರ್ಪು ಬರೆದವರು ಆಂಥೊನಿ ಕೆನಡಿ. ಇಲ್ಲಿ ಕಚ್ಚಾ ಹೊಲಿಗೆಯಲ್ಲೇ ಉಳಿದದ್ದು ಕೆಂಪು, ಅಲ್ಲಿ ನೀಲಿ. ನೀಲಿ ತೆಗೆದಾಗ ಅಡಿಯ ಕೆಂಪು ಹಾಗೇ ಇರಬೇಕು, ಬಣ್ಣ ಅಂಟಿರಬಾರದು. ಹಾಗಾಗಿ ಬಣ್ಣ ಬಿಡದ ನೀಲಿ ಹತ್ತಿ ಎಲ್ಲಿ ಸಿಗುತ್ತದೆಂದು ಬಲ್ಲವರು ದಯವಿಟ್ಟು ತಿಳಿಸಿ. ಸೀಳಿದ ಖಣದ ಅಂಚು ನೂಲು ನೂಲಾಗಿ ಬಿಚ್ಚಿಕೊಳ್ಳುತ್ತಿದೆ, ಅಂಟು ಹಚ್ಚಲು ನನಗೆ ಮನಸ್ಸಿಲ್ಲ; ಅದಕ್ಕೂ ಉಪಾಯವಿದ್ದರೆ ಹೇಳಿ, ನಾಲ್ಕನೆಯ ಚೌಕ ಅಷ್ಟಕ್ಕೇ ನಿಂತಿದೆ.