ಹನ್ನೊಂದು ಸೆಕೆಂಡು

ಭಾನುವಾರ, 14 ಡಿಸೆಂಬರ್ 2025
ರಾತ್ರಿ 11.20

ಎಲ್ಲರೂ ಮಲಗಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ. ಅಕ್ಕನ ಮನೆಯ ಹಾಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿಗೆ ಆರಿದ ಮೇಣದಬತ್ತಿ ಇದೆ. ಬೆರಳಿಟ್ಟು ನೋಡಿದೆ, ಮೇಣ ಇನ್ನೂ ಮೆತ್ತಗಿದೆ.

ಇವತ್ತು ಗುಬ್ಬಿಯ ಬಗ್ಗೆ ಬರೆಯಬೇಕು. ಎಂಟು ವರ್ಷದಿಂದ ಬರೆಯಲು ಕೂತು, ಎರಡು ಸಾಲಿಗೆ ಎದ್ದು ಹೋಗಿದ್ದೇನೆ.

ಗುಬ್ಬಿ ನನ್ನ ಅಕ್ಕನ ಮಗ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಅದು. ಇಟ್ಟ ಹೆಸರು ಬೇರೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅಕ್ಕ ಭಾವನ ಪಾಲಿನದು. 2017ರಲ್ಲಿ ಅವನು ಹೋದಾಗ ಅವನಿಗೆ ಎರಡು ವರ್ಷ ಎಂಟು ತಿಂಗಳು. ನನ್ನನ್ನು ಚಿಕ್ಕಿ ಅನ್ನುತ್ತಿದ್ದ. ನಾಲಿಗೆಗೆ ರ ಹೊರಳುತ್ತಿರಲಿಲ್ಲ. ನೀರಿಗೆ ನೀಲು. ಮರಕ್ಕೆ ಮಲ. ನಾವು ನಕ್ಕರೆ ತಾನೂ ನಗುತ್ತಿದ್ದ, ಯಾಕೆ ಅಂತ ಗೊತ್ತಿಲ್ಲದೆ. ಮೆಟ್ಟಿಲು ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿ ನಿಂತು, ಹಿಂದೆ ಬರುವವರನ್ನು ಒಮ್ಮೆ ನೋಡಿ, ಆಮೇಲೆ ಮುಂದಿನ ಮೆಟ್ಟಿಲು. ಅವಸರ ಮಾಡಿದರೆ ಕೂತೇಬಿಡುತ್ತಿದ್ದ.

ಆ ದಿನ ಅಕ್ಕ ಅರ್ಧ ಗಂಟೆ ಹೊರಗೆ ಹೋಗಿದ್ದಳು. ಗುಬ್ಬಿಯನ್ನು ನನ್ನ ಹತ್ತಿರ ಬಿಟ್ಟು ಹೋಗಿದ್ದಳು. ಅವನು ಹಾಲಿನಲ್ಲಿ ಪ್ಲಾಸ್ಟಿಕ್ ಆನೆ ಹಿಡಿದು ಆಡುತ್ತಿದ್ದ. ನನಗೆ ಒಂದು ಫೋನ್ ಬಂತು. ರೂಮಿಗೆ ಹೋಗಿ ಮಾತಾಡಿದೆ. ಐದು ನಿಮಿಷ ಇರಬಹುದು. ಬಚ್ಚಲುಮನೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಬಕೆಟ್ಟಿನಲ್ಲಿ ಗೇಣುದ್ದ ನೀರಿತ್ತು.

ಏನಾದರೂ ಸದ್ದು ಕೇಳಿ ನಾನು ಎದ್ದು ಹೋದದ್ದಲ್ಲ. ಸದ್ದೇ ಇಲ್ಲವಲ್ಲ ಅಂತ ಎದ್ದು ಹೋದೆ.

ಅದರ ಮುಂದಿನದ್ದನ್ನು ಜಾಸ್ತಿ ಬರೆಯುವುದಿಲ್ಲ. ನಾನು ಕೂಗಿದ್ದಕ್ಕೆ ಜನ ಓಡಿ ಬಂದರು. ಒಬ್ಬರು ಅವನ ಕಾಲು ಹಿಡಿದು ತಲೆಕೆಳಗು ಮಾಡಿದರು. ಇನ್ನೊಬ್ಬರು ಬೆನ್ನು ತಟ್ಟಿದರು. ಮತ್ತೊಬ್ಬರು ಹೊಟ್ಟೆ ಒತ್ತಿದರು. ಎಲ್ಲರೂ ಅವನು ಬದುಕಲಿ ಅಂತಲೇ ಮಾಡಿದ್ದು. ಏನು ಮಾಡಬೇಕು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಹೊರಗೆ ಬಂದು ಮಾತಾಡುವ ಮೊದಲೇ ಅವರ ಮುಖ ನೋಡಿ ಭಾವ ಕುಸಿದು ಕೂತರು.

ಆಮೇಲೆ ಬಂದವರೆಲ್ಲ ನನ್ನನ್ನು ಒಂದೇ ಮಾತು ಕೇಳಿದರು. "ನಿನಗೆ ಏನೂ ಕೇಳಿಸಲಿಲ್ವಾ?" ಕೆಲವರು ಮೆಲ್ಲಗೆ ಕೇಳಿದರು, ಕೆಲವರು ಜೋರಾಗಿ ಕೇಳಿದರು. ಅಕ್ಕ ಮಾತ್ರ ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ. ರಾತ್ರಿ ಮಲಗಿದಾಗ ನಾನೇ ನನ್ನನ್ನು ಕೇಳಿಕೊಳ್ಳುತ್ತಿದ್ದೆ. ಅಷ್ಟು ಹತ್ತಿರ ಇದ್ದೆ. ಅವನು ಕೂಗಿರಬೇಕು. ಬಡಿದಾಡಿರಬೇಕು. ಫೋನಿನಲ್ಲಿ ನಾನು ನಗುತ್ತಿದ್ದೆನಾ? ಅದಕ್ಕೇ ಕೇಳಿಸಲಿಲ್ಲವಾ?

ಎರಡು ವರ್ಷ ಹೀಗೇ ಕಳೆಯಿತು. ಆಮೇಲೆ ಒಂದು ದಿನ ಓದಲು ಶುರು ಮಾಡಿದೆ. ನ್ಯೂಯಾರ್ಕಿನ ಕಡಲ ತೀರದಲ್ಲಿ ಜೀವರಕ್ಷಕರಾಗಿದ್ದ ಫ್ರಾಂಕ್ ಪಿಯಾ ಎಂಬುವವರು ಮುಳುಗುತ್ತಿರುವವರನ್ನು ವರ್ಷಗಟ್ಟಲೆ ಗಮನಿಸಿದವರು. ಅವರು ಹೇಳಿದ್ದು ಇಷ್ಟು. ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ, ಕೂಗಲು ಆಗುವುದೇ ಇಲ್ಲ. ಮೈಗೆ ಮೊದಲು ಉಸಿರು ಬೇಕು, ಆಮೇಲೆ ಮಾತು. ಉಸಿರೇ ಇಲ್ಲದಾಗ ದನಿ ಎಲ್ಲಿಂದ ಬರಬೇಕು? ನೀರಿನ ಮೇಲೆ ಆ ಹೋರಾಟ ನಡೆಯುವುದೂ 20ರಿಂದ 60 ಸೆಕೆಂಡು ಮಾತ್ರ. ಎಳೆ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತಿದೆ. ಅವರ ಮೈಗೆ ಹೋಲಿಸಿದರೆ ತಲೆಯೇ ಭಾರ. ಬಕೆಟ್ಟಿಗೆ ಬಗ್ಗಿದರೆ ತಲೆ ಕೆಳಗಾಗಿ ಬೀಳುತ್ತಾರೆ. ಕೈ ಊರಿ ಎದ್ದು ಬರುವಷ್ಟು ಬಲ ಆ ತೋಳಿಗೆ ಇರುವುದಿಲ್ಲ. ನೀರು ತುಂಬಿದ ಬಕೆಟ್ ಉರುಳುವುದೂ ಇಲ್ಲ. ಮೂಗು ಬಾಯಿ ಮುಚ್ಚುವಷ್ಟು ನೀರು ಸಾಕು.

ಅದನ್ನು ಓದಿದ ದಿನ ತುಂಬಾ ಹೊತ್ತು ಅತ್ತೆ. ಅವನು ನನ್ನನ್ನು ಕೂಗಿರಲಿಲ್ಲ. ಚಿಕ್ಕಿ ಅಂತ ಕರೆದು, ನಾನು ಬರಲಿಲ್ಲ ಅಂತ ಅಂದುಕೊಂಡು ಹೋಗಲಿಲ್ಲ. ಇದರಿಂದ ನನ್ನ ತಪ್ಪು ಕಡಿಮೆಯಾಗುವುದಿಲ್ಲ. ಚಿಲಕ ಹಾಕಬೇಕಿತ್ತು, ಬಕೆಟ್ ಖಾಲಿ ಮಾಡಿ ಬೋರಲು ಹಾಕಬೇಕಿತ್ತು, ಅವನನ್ನು ಜೊತೆಗೇ ರೂಮಿಗೆ ಕರೆದುಕೊಂಡು ಹೋಗಬೇಕಿತ್ತು. ಆದರೂ ಎದೆಯ ಮೇಲಿದ್ದ ಕಲ್ಲುಗಳಲ್ಲಿ ಒಂದು ಆವತ್ತು ಇಳಿಯಿತು.

ಈಗ ಪುಟ್ಟ ಮಕ್ಕಳಿರುವ ಯಾರ ಮನೆಗೆ ಹೋದರೂ ಮೊದಲು ಬಚ್ಚಲುಮನೆಯ ಬಾಗಿಲು ನೋಡುತ್ತೇನೆ. ಕೆಲವರಿಗೆ ಇಷ್ಟವಾಗುವುದಿಲ್ಲ. ಆಗದಿದ್ದರೆ ಬೇಡ. ಸುಮ್ನೆ ಇರಲು ನನ್ನಿಂದ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರಿನಲ್ಲಿ ಒಂದು ವರದಿ ಕೊಟ್ಟಿತು. 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ತೀರಿಕೊಂಡರಂತೆ. ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಅಷ್ಟು ಮನೆಗಳಲ್ಲಿ ಯಾರೋ ಒಬ್ಬರನ್ನು "ನಿನಗೆ ಕೇಳಿಸಲಿಲ್ವಾ" ಅಂತ ಕೇಳಿರುತ್ತಾರೆ, ಅಲ್ವಾ? ಅವರಲ್ಲಿ ಒಬ್ಬರು ಇದನ್ನು ಓದಿದರೂ ಸಾಕು.

2019ರಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿಗೆ ಸೇರಿದೆ. ದೊಡ್ಡವರ ಬೊಂಬೆಯ ಮೇಲೆ ಎಲ್ಲ ಸರಿಯಾಗಿ ಮಾಡಿದೆ. ಆಮೇಲೆ ಕಲಿಸುವವರು ಇನ್ನೊಂದು ಚೀಲದಿಂದ ಮಗುವಿನ ಬೊಂಬೆ ತೆಗೆದು ನೆಲದ ಮೇಲೆ ಮಲಗಿಸಿದರು. ಅದು ಗುಬ್ಬಿಯಷ್ಟೇ ಉದ್ದ ಇತ್ತು. ಬಾಯಿ ಸ್ವಲ್ಪ ತೆರೆದಿತ್ತು. ರಬ್ಬರಿನ ಎದೆಯ ಮೇಲೆ ಹಿಂದೆ ಕಲಿತವರು ಒತ್ತಿ ಒತ್ತಿ ಒಂದು ಮಾಸಲು ಗುರುತು ಬಿದ್ದಿತ್ತು. ನಾನು ಮೊಣಕಾಲೂರಿ ಕೂತೆ, ಕೈ ಮುಂದೆ ಹೋಗಲಿಲ್ಲ. ಅವರು ಕಾರಣ ಕೇಳಲಿಲ್ಲ. ಪಕ್ಕದಲ್ಲಿ ಬಂದು ಕೂತು, ನನ್ನ ಅಂಗೈ ತೆಗೆದು ಆ ಗುರುತಿನ ಮೇಲೆ ಇಟ್ಟರು.

ಕಲಿತೆ. ನೀರಿಗೆ ಬಿದ್ದ ಮಗು ಉಸಿರಾಡುತ್ತಿಲ್ಲ ಅಂದರೆ ತಲೆಕೆಳಗು ಮಾಡಬಾರದು, ಹೊಟ್ಟೆ ಒತ್ತಬಾರದು, ಅದರಲ್ಲಿ ಹೊತ್ತು ಹೋಗುತ್ತದೆ. ಆ ಮೈಗೆ ಬೇಕಾಗಿರುವುದು ಗಾಳಿ. ಅದಕ್ಕೇ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ನಮಗೆ ಹೇಳಿಕೊಟ್ಟದ್ದು ಐದು ಸಲ, ಎದೆ ಮೇಲೇಳುವುದು ಕಾಣುವ ಹಾಗೆ. ಆಮೇಲೆ ಎದೆಯ ನಡುವೆ ಒತ್ತಬೇಕು, ಎದೆಯ ಮೂರನೇ ಒಂದು ಭಾಗ ಕೆಳಗಿಳಿಯುವಷ್ಟು, ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ. 30 ಸಲ ಒತ್ತಿ 2 ಉಸಿರು, ಮತ್ತೆ 30. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಓದಿದರೆ ಇದು ಕೈಗೆ ಬರುವುದಿಲ್ಲ, ಬೊಂಬೆಯ ಮೇಲೆ ಮಾಡಿಯೇ ಕಲಿಯಬೇಕು. ದಯವಿಟ್ಟು ಕಲಿಯಿರಿ. ಆವತ್ತು ನಾನು ಇಷ್ಟು ಕಲಿತಿದ್ದರೆ ಅವನು ಉಳಿಯುತ್ತಿದ್ದನಾ? ಗೊತ್ತಿಲ್ಲ. ಅದು ಇನ್ನೂ ಇಳಿಯದ ಕಲ್ಲು.

ಅವನು ಹೋದ ಮೇಲೆ ಮನೆಗೆ ಒಂದು ಮೌನ ಬಂತು. ಅವನ ಹೆಸರು ಹೇಳಿದರೆ ಅಕ್ಕ ಅಳುತ್ತಾಳೆ ಅಂತ ಎಲ್ಲರೂ ಹೆಸರು ಹೇಳುವುದನ್ನೇ ಬಿಟ್ಟೆವು. ಅಮ್ಮ ಆಟಿಕೆಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ ಅಟ್ಟದ ಮೇಲಿಟ್ಟರು. ಬಂದವರು ಬೇರೆಲ್ಲಾ ಮಾತಾಡಿ ಎದ್ದು ಹೋಗುತ್ತಿದ್ದರು. "ಇನ್ನೂ ವಯಸ್ಸಿದೆ, ಇನ್ನೊಂದು ಮಗು ಆಗುತ್ತೆ ಬಿಡಿ" ಅಂದವರೂ ಇದ್ದಾರೆ. ಆ ಮಾತನ್ನು ಯಾವ ತಾಯಿಗೂ ಹೇಳಬೇಡಿ. ಪುತ್ರಶೋಕಂ ನಿರಂತರಂ ಅಂತ ಗೊತ್ತಿದ್ದವರೇ ಮರುಗಳಿಗೆಗೆ "ಮರೆತುಬಿಡಮ್ಮ" ಅಂದರು.

ವರ್ಷ ಕಳೆದರೂ ಅಕ್ಕನಿಗೆ ಬೆಳಿಗ್ಗೆ ಏಳಲೇ ಆಗುತ್ತಿರಲಿಲ್ಲ. ಭಾವ ಅವಳನ್ನು ಆಪ್ತಸಮಾಲೋಚಕರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಅವರು ಮೊದಲ ದಿನ ಕೇಳಿದ್ದು, "ನಿಮ್ಮ ಮಗ ಹೇಗಿದ್ದ? ಅವನ ಬಗ್ಗೆ ಹೇಳಿ." ಅಕ್ಕ ಮುಕ್ಕಾಲು ಗಂಟೆ ಅವನ ಮೆಟ್ಟಿಲಿಳಿಯುವ ರೀತಿ ಹೇಳಿದಳಂತೆ, ಮಲ ನೀಲು ಹೇಳಿದಳಂತೆ. ಅಷ್ಟು ದಿನದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ ಅಂತ ಅವಳು ಆಮೇಲೆ ನನಗೆ ಹೇಳಿದಳು. ನಾಚಿಕೆಯಾಯಿತು ನನಗೆ. ಅಳಿಸಬಾರದು ಅಂತ ನಾವು ಬಾಯಿ ಮುಚ್ಚಿಕೊಂಡಿದ್ದೆವು. ಅವಳಿಗೆ ಮಾತ್ರ ನಾವೆಲ್ಲ ಅವನನ್ನು ಮರೆತ ಹಾಗೆ ಕಂಡಿತ್ತು.

ಮಕ್ಕಳನ್ನು ಕಳೆದುಕೊಂಡ ತಂದೆ ತಾಯಿಯರ ಜೊತೆ ವರ್ಷಗಟ್ಟಲೆ ಕೂತು ಅವರ ಮಾತು ಕೇಳಿಸಿಕೊಂಡ ಡೆನ್ನಿಸ್ ಕ್ಲಾಸ್ ಎಂಬ ಅಮೆರಿಕದ ವಿದ್ವಾಂಸರೂ 1996ರಲ್ಲಿ ತಮ್ಮ ಜೊತೆಗಾರರೊಂದಿಗೆ ಇದನ್ನೇ ಬರೆದರು. ಹೋದವರ ನಂಟು ಕಡಿದುಕೊಂಡರೇ ದುಃಖ ಗುಣವಾಗುತ್ತದೆ ಅನ್ನುವುದು ಸರಿಯಲ್ಲ, ನಂಟು ಬೇರೆ ರೂಪದಲ್ಲಿ ಉಳಿಯುತ್ತದೆ, ಅದರಲ್ಲಿ ಕಾಯಿಲೆ ಏನೂ ಇಲ್ಲ ಅಂತ. ನಮ್ಮ ಭಾವ ಅದನ್ನು ಓದಿದವರಲ್ಲ. ಮನೆಗೆ ಬಣ್ಣ ಹೊಡೆಸುವಾಗ ಒಳಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಅಂಗೈಯಗಲ ಜಾಗಕ್ಕೆ ಬಣ್ಣ ಹಚ್ಚಬೇಡಿ ಅಂದರು. ಅಲ್ಲಿ ಗುಬ್ಬಿ ಎಳೆದ ನೇರಳೆ ಕ್ರೇಯಾನಿನ ಗೆರೆ ಇದೆ. ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲೆ. ಶುರುವಿನಲ್ಲಿ ದಪ್ಪ, ಹೋಗ್ತಾ ಹೋಗ್ತಾ ಸಣ್ಣ, ಕೊನೆಯಲ್ಲಿ ಒಂದು ಚುಕ್ಕಿ. ಕ್ರೇಯಾನ್ ಮುರಿದದ್ದು ಅಲ್ಲೇ.

ಇವತ್ತು ಡಿಸೆಂಬರಿನ ಎರಡನೇ ಭಾನುವಾರ. ತೀರಿಕೊಂಡ ಮಕ್ಕಳ ನೆನಪಿಗೆ ಎಷ್ಟೋ ದೇಶಗಳಲ್ಲಿ ಜನ ಅವರವರ ಊರಿನ ಗಡಿಯಾರದಲ್ಲಿ ಸಂಜೆ 7 ಗಂಟೆಗೆ ಮೇಣದಬತ್ತಿ ಹಚ್ಚುತ್ತಾರೆ. 1997ರಲ್ಲಿ ಇದನ್ನು ಶುರು ಮಾಡಿದ್ದು ಕಂಪ್ಯಾಶನೇಟ್ ಫ್ರೆಂಡ್ಸ್ ಅನ್ನುವ ಸಂಘಟನೆ. ಅದು ಹುಟ್ಟಿದ ಕಥೆ ನನಗೆ ತುಂಬಾ ಇಷ್ಟ. 1968ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಒಂದು ಆಸ್ಪತ್ರೆಯಲ್ಲಿ ಇಬ್ಬರು ಹುಡುಗರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಅಲ್ಲಿದ್ದ ಸೈಮನ್ ಸ್ಟೀಫನ್ಸ್ ಎಂಬ ಎಳೆಯ ಪಾದ್ರಿ ಒಂದು ವಿಷಯ ಗಮನಿಸಿದರು. ಆ ಎರಡು ಮನೆಯವರು ಒಬ್ಬರಿಗೊಬ್ಬರು ಕೊಡುತ್ತಿದ್ದ ಧೈರ್ಯವನ್ನು ತಾನು ಅವರಿಗೆ ಕೊಡಲು ಆಗುತ್ತಿಲ್ಲ ಅಂತ. ಮರುವರ್ಷ, 1969ರಲ್ಲಿ, ಅವರೆಲ್ಲ ಸೇರಿ ಅದನ್ನು ಕಟ್ಟಿದರು.

ನಾನು ಪ್ರತಿ ವರ್ಷ ನನ್ನ ರೂಮಿನಲ್ಲಿ ಒಬ್ಬಳೇ ಹಚ್ಚುತ್ತಿದ್ದೆ. ಈ ಸಲ ಅಕ್ಕನೇ ಫೋನ್ ಮಾಡಿ, "ಇಲ್ಲಿಗೇ ಬಾರೇ, ಒಟ್ಟಿಗೆ ಹಚ್ಚೋಣ" ಅಂದಳು.

ಏಳು ಗಂಟೆಗೆ ಹಚ್ಚಿದೆವು. ಅಮ್ಮ, ಅಕ್ಕ, ಭಾವ, ನಾನು, ಪುಟ್ಟಿ. ಪುಟ್ಟಿ 2020ರಲ್ಲಿ ಹುಟ್ಟಿದವಳು, ಈಗ ಐದು ವರ್ಷ. ಗೋಡೆಯ ಗೆರೆ ಅಣ್ಣನದು ಅಂತ ಅವಳಿಗೆ ಗೊತ್ತು. ಅದು ಈಗ ಅವಳ ಸೊಂಟಕ್ಕೂ ಬರುವುದಿಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪುಟ್ಟಿಯೇ ಕೇಳಿದಳು, "ಅಮ್ಮ, ಅಣ್ಣ ಹೇಗೆ ಮಾತಾಡ್ತಿದ್ದ?"

ಅಮ್ಮ ತಲೆ ತಗ್ಗಿಸಿದರು. ಮಾತು ಬದಲಿಸಲು ನನ್ನ ಬಾಯಿಗೆ ಏನೋ ಬಂದಿತ್ತು, ತಡೆದುಕೊಂಡೆ. ಭಾವ ಮೆಲ್ಲಗೆ ಅಕ್ಕನ ಕಡೆ ನೋಡಿ, "ನನ್ನ ಹತ್ತಿರ ಇದೆ. ಹಾಕಲಾ?" ಅಂದರು.

ನಮಗೆ ಯಾರಿಗೂ ಗೊತ್ತಿರಲಿಲ್ಲ. ಒಂದು ವಿಡಿಯೋ, ಹನ್ನೊಂದು ಸೆಕೆಂಡಿನದು. ಎಂಟು ವರ್ಷದಲ್ಲಿ ಮೂರು ಫೋನ್ ಬದಲಾಗಿವೆ. ಪ್ರತಿ ಸಲವೂ ಮೊದಲು ಅದನ್ನು ಹೊಸ ಫೋನಿಗೆ ಹಾಕಿಕೊಂಡು, ಸರಿಯಾಗಿ ಬಂದಿದೆಯಾ ಅಂತ ಒಬ್ಬರೇ ನೋಡಿ, ಆಮೇಲೆ ಹಳೆಯ ಫೋನ್ ಬಿಡುತ್ತಿದ್ದರಂತೆ.

ಅಕ್ಕ ಹೂಂ ಅಂದಳು.

ವಿಡಿಯೋದಲ್ಲಿ ಅವನ ಮುಖ ಸರಿಯಾಗಿ ಕಾಣುವುದಿಲ್ಲ. ಬೆನ್ನು, ಕಿವಿಯ ಹಿಂದಿನ ಗುಂಗುರು ಕೂದಲು, ಕೈಯಲ್ಲಿ ಕ್ರೇಯಾನ್. ಗೋಡೆಯ ಕಡೆ ತಿರುಗಿ ನಿಂತಿದ್ದಾನೆ. ಆಮೇಲೆ ದನಿ ಬರುತ್ತದೆ. "ಚಿಕ್ಕೀ, ನೋಡಿಲ್ಲಿ. ಗೆಲೆ." ಯಾರೋ ನಗುತ್ತಾರೆ. ಅದು ನಾನು. ಭಾವ "ಗೋಡೆ ಮೇಲೆ ಬೇಡ ಮಗನೇ" ಅನ್ನುವುದು ಕೇಳುತ್ತದೆ, ಆದರೆ ತಡೆಯಲು ಯಾರೂ ಹೋಗುವುದಿಲ್ಲ. ಅಷ್ಟಕ್ಕೆ ಮುಗಿಯುತ್ತದೆ.

ಅವನ ದನಿ ನನಗೆ ಮರೆತುಹೋಗಿತ್ತು. ನೆನಪಿನಲ್ಲಿ ನಾನು ಇಟ್ಟುಕೊಂಡಿದ್ದು ಬೇರೆ ಯಾವುದೋ ದನಿ. ಇದು ಅದಕ್ಕಿಂತ ಸ್ವಲ್ಪ ಗೊಗ್ಗರು.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಹೆಸರು ಹೇಳಿದಳು. ಇಟ್ಟ ಹೆಸರನ್ನೇ, ಪೂರ್ತಿಯಾಗಿ. ಆಮೇಲೆ ನನ್ನ ಕೈ ಹಿಡಿದುಕೊಂಡು, "ನಿನ್ನನ್ನೇ ಕರೀತಿದ್ದಾನಲ್ಲೇ" ಅಂದಳು.

ಪುಟ್ಟಿ ಅಪ್ಪನ ತೊಡೆಯ ಮೇಲೆ ಹತ್ತಿ ಕೂತಿದ್ದಳು. ಮೇಣದಬತ್ತಿಯ ಬೆಳಕು ಫೋನಿನ ಗಾಜಿನ ಮೇಲೆ ಬೀಳುತ್ತಿತ್ತು, ಅದನ್ನು ಪುಟ್ಟ ಕೈಯಿಂದ ಮರೆ ಮಾಡಿಕೊಂಡು ನೋಡುತ್ತಿದ್ದಳು.

"ಗೆಲೆ ಅಂದ" ಅಂದಳು. "ಅಪ್ಪ, ಇನ್ನೊಂದ್ಸಲ ಹಾಕು."

ಭಾವ ಮತ್ತೆ ಹಾಕಿದರು.