ಕಿವಿಗೆ ಯಾವ ಪುಸ್ತಕ, ಕಣ್ಣಿಗೆ ಯಾವುದು

ಪುಟ ಓದುವಾಗ ಕಣ್ಣು ಸದಾ ಮುಂದಕ್ಕೇ ಹೋಗುವುದಿಲ್ಲ. ಅದು ಪದದಿಂದ ಪದಕ್ಕೆ ಜಿಗಿಯುತ್ತ ಸಾಗುತ್ತದೆ. ನುರಿತ ಓದುಗರಲ್ಲೂ ಆ ಜಿಗಿತಗಳಲ್ಲಿ ಶೇ 10ರಿಂದ 15ರಷ್ಟು ಹಿಂದಕ್ಕೇ ಇರುತ್ತವೆ. ‘ಅವಳು’ ಅಂದರೆ ಯಾರು, ಈ ಹೆಸರು ಮೊದಲು ಎಲ್ಲಿ ಬಂತು, ಹಿಂದಿನ ಸಾಲಿನಲ್ಲಿ ‘ಹೌದು’ ಇತ್ತೋ ‘ಅಲ್ಲ’ ಇತ್ತೋ ಎಂಬುದನ್ನೆಲ್ಲ ಕಣ್ಣು ನಮಗೆ ಗೊತ್ತೇ ಆಗದಂತೆ ಹಿಂದೆ ಹೋಗಿ ನೋಡಿಕೊಂಡು ಬರುತ್ತದೆ. ಆಡಿಯೋಬುಕ್ ಕೇಳುವಾಗ ಈ ಅನುಕೂಲ ಇಲ್ಲ. ಹಿಂದಕ್ಕೆ ಹೋಗಬೇಕೆಂದರೆ ಕೈ ಫೋನಿಗೆ ಹೋಗಬೇಕು, ಬಟನ್ ಒತ್ತಬೇಕು, ಎಷ್ಟು ಹಿಂದೆ ಎಂದು ಅಂದಾಜು ಮಾಡಬೇಕು. ಅಷ್ಟು ತೊಂದರೆ ಯಾರೂ ತೆಗೆದುಕೊಳ್ಳುವುದಿಲ್ಲ, ತಪ್ಪಿದ್ದು ತಪ್ಪಿಯೇ ಹೋಗುತ್ತದೆ. ಒಂದು ಪುಸ್ತಕವನ್ನು ಕೇಳಬೇಕೋ ಓದಬೇಕೋ ಎಂದು ತೀರ್ಮಾನಿಸುವಾಗ ನಾನು ನೋಡುವುದು ಇದನ್ನೇ: ಈ ಪುಸ್ತಕ ಓದುಗರನ್ನು ಎಷ್ಟು ಸಲ ಹಿಂದಕ್ಕೆ ಕರೆಯುತ್ತದೆ?

ಕೇಳಿದ್ದು ಓದಿದ್ದಕ್ಕೆ ಸಮವೇ ಎಂಬ ಚರ್ಚೆಯ ಉತ್ತರವೂ ಇಲ್ಲೇ ಇದೆ. ಬೆತ್ ರೊಗೌಸ್ಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರು ಪುಸ್ತಕದ ಭಾಗವನ್ನು ಕೇಳಿದರು, ಕೆಲವರು ಓದಿದರು, ಕೆಲವರು ಎರಡನ್ನೂ ಒಟ್ಟಿಗೆ ಮಾಡಿದರು. ಕೂಡಲೇ ಪರೀಕ್ಷಿಸಿದಾಗಲೂ ಎರಡು ವಾರ ಬಿಟ್ಟು ಪರೀಕ್ಷಿಸಿದಾಗಲೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ 2010ರಲ್ಲಿ ಪ್ರಕಟವಾದ ಡೇನಿಯಲ್ ಮತ್ತು ವುಡಿ ಅವರ ಅಧ್ಯಯನದಲ್ಲಿ, ಪಾಠದ ಲೇಖನವನ್ನು ಕೇಳಿದ ವಿದ್ಯಾರ್ಥಿಗಳು ಓದಿದವರಿಗಿಂತ ಕಡಿಮೆ ಅಂಕ ಪಡೆದರು. ಇವೆರಡರ ನಡುವೆ ನನಗೆ ವಿರೋಧ ಕಾಣುವುದಿಲ್ಲ. ಮೊದಲನೆಯದರಲ್ಲಿ ಬಳಸಿದ್ದು ಒಬ್ಬ ಮನುಷ್ಯನ ಬದುಕಿನ ಕಥನ, ಎರಡನೆಯದರಲ್ಲಿ ವಾದಗಳನ್ನು ಹೆಣೆದ ಶಾಸ್ತ್ರದ ಬರಹ. ಕಥನ ತಾನೇ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಶಾಸ್ತ್ರ ಪದೇ ಪದೇ ಹಿಂದಕ್ಕೆ ನೋಡಿಸುತ್ತದೆ.

ಪತ್ತೇದಾರಿ ಕಾದಂಬರಿ ಕಿವಿಗೆ ಹೇಳಿ ಮಾಡಿಸಿದ ಪ್ರಕಾರ. ಮಾತುಕತೆ ಹೆಚ್ಚು, ಅಧ್ಯಾಯ ಚಿಕ್ಕದು, ಮುಂದೇನು ಎಂಬ ಕುತೂಹಲ ಗಮನವನ್ನು ಹಿಡಿದಿಡುತ್ತದೆ. ಆದರೂ ಇಲ್ಲಿ ಕೇಳುಗರು ಸೋಲುವ ಜಾಗಗಳಿವೆ. ಮೊದಲನೆಯದು ಹೆಸರುಗಳು. ಮೊದಲ ಅರ್ಧ ಗಂಟೆಯಲ್ಲೇ ಎಂಟು ಹತ್ತು ಪಾತ್ರಗಳು ಬಂದು ನಿಲ್ಲುತ್ತವೆ. ಅಚ್ಚಿನಲ್ಲಿ ಹೆಸರಿನ ಆಕಾರವೇ ಗುರುತಾಗಿ ಉಳಿಯುತ್ತದೆ. ಕಿವಿಯಲ್ಲಿ ಒಂದೇ ಅಕ್ಷರದಿಂದ ಶುರುವಾಗುವ ಎರಡು ಹೆಸರುಗಳು ಒಬ್ಬರೇ ಆಗಿಬಿಡುತ್ತವೆ. ಮೊದಲ ಒಂದು ಗಂಟೆಯನ್ನು ನಡೆಯುತ್ತಲೋ ಪಾತ್ರೆ ತೊಳೆಯುತ್ತಲೋ ಕೇಳಬೇಡಿ. ಕೂತು ಕೇಳಿ, ಚೀಟಿಯಲ್ಲಿ ಹೆಸರು ಮತ್ತು ಒಂದೇ ಒಂದು ಸಂಬಂಧ ಬರೆದುಕೊಳ್ಳಿ: ಇವನು ಸತ್ತವನ ಅಳಿಯ, ಇವಳು ವೈದ್ಯೆ, ಇವನು ಸಾಲಗಾರ. ಅಷ್ಟು ಸಾಕು, ಉಳಿದ ಒಂಬತ್ತು ಗಂಟೆ ಎಲ್ಲಿ ಬೇಕಾದರೂ ಕೇಳಬಹುದು.

ಎರಡನೆಯದು ಸುಳಿವು. ಈ ಪ್ರಕಾರದ ಲೇಖಕರಿಗೆ ಒಂದು ಹಳೆಯ ಜಾಣ್ಮೆಯಿದೆ. ಮೇಜಿನ ಮೇಲಿದ್ದ ಆರು ವಸ್ತುಗಳ ಪಟ್ಟಿ ಕೊಟ್ಟು, ಮುಖ್ಯವಾದುದನ್ನು ನಡುವೆ ಇಡುತ್ತಾರೆ. ಪಟ್ಟಿ ಕೇಳಿದಾಗ ಮೊದಲಿನದೂ ಕೊನೆಯದೂ ನೆನಪಿನಲ್ಲಿ ನಿಂತು ನಡುವಿನವು ಜಾರಿಹೋಗುತ್ತವೆ ಎಂಬುದು ಮನಶ್ಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ವಿಷಯ. ಅಚ್ಚಿನ ಓದುಗರು ಕೊನೆಯಲ್ಲಿ ಪುಟ ತಿರುವಿ ‘ಇಲ್ಲೇ ಇತ್ತಲ್ಲ’ ಎಂದು ಸಂತೋಷಪಡುತ್ತಾರೆ, ಕೇಳುಗರಿಗೆ ಆ ಸಂತೋಷ ತಪ್ಪಬಾರದು. ಕೋಣೆಯ ವರ್ಣನೆ, ಜೇಬಿನಲ್ಲಿ ಸಿಕ್ಕಿದ ಸಾಮಾನು, ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಎಂಬ ಹೇಳಿಕೆ, ಈ ಮೂರು ಬಂದಾಗಲೆಲ್ಲ ಬುಕ್‌ಮಾರ್ಕ್ ಒತ್ತಿ. ಇನ್ನೊಂದು ಅಪಾಯ ಆಡಿಯೋದಲ್ಲಿ ಪುಸ್ತಕ ಓದಿ ಕೇಳಿಸುವವರ ದನಿಯಿಂದಲೇ ಬರುತ್ತದೆ. ಮುಸುಕು ಹಾಕಿಕೊಂಡವನೊಬ್ಬ ಮಾತನಾಡುವ ಅಧ್ಯಾಯದಲ್ಲಿ ಅವನಿಗೆ ಯಾವ ದನಿ ಕೊಡುವುದು? ಪಾತ್ರದ ಎಂದಿನ ದನಿ ಕೊಟ್ಟರೆ ಗುಟ್ಟು ರಟ್ಟಾಗುತ್ತದೆ. ಅನುಭವಿಗಳು ಇಂಥಲ್ಲಿ ಪಿಸುಮಾತಿಗೆ ಇಳಿಯುತ್ತಾರೆ ಅಥವಾ ಯಾವ ಬಣ್ಣವೂ ಇಲ್ಲದ ದನಿಯಲ್ಲಿ ಓದುತ್ತಾರೆ. ಆ ಕೌಶಲಕ್ಕೆ ನನ್ನ ದೊಡ್ಡ ಗೌರವವಿದೆ.

ಕಲ್ಪಿತ ಲೋಕದ ಕಥೆಗಳಲ್ಲಿ ಹೆಸರಿನ ಕಷ್ಟ ಇಮ್ಮಡಿ, ಏಕೆಂದರೆ ಊರು, ಕುಲ, ಮಂತ್ರ ಎಲ್ಲವೂ ಹೊಸದಾಗಿ ಹುಟ್ಟಿಸಿದ ಪದಗಳು. ಪುಸ್ತಕದ ಮೊದಲಲ್ಲಿರುವ ನಕ್ಷೆ ಆಡಿಯೋದಲ್ಲಿ ಇರುವುದೂ ಇಲ್ಲ. ಸರಣಿಯಾದರೆ ಮೊದಲ ಸಂಪುಟವನ್ನು ಕಣ್ಣಿನಲ್ಲಿ ಓದಿ, ಎರಡನೆಯದರಿಂದ ಕಿವಿಗೆ ಬನ್ನಿ. ಹೆಸರುಗಳೂ ದಾರಿಗಳೂ ಅಷ್ಟರಲ್ಲಿ ಪರಿಚಯವಾಗಿರುತ್ತವೆ. ಹಿಂದೆ ಓದಿ ಮೆಚ್ಚಿದ ದೊಡ್ಡ ಕಾದಂಬರಿಗೆ ಎರಡನೇ ಸಲ ಹೋಗುವುದಕ್ಕೂ ಆಡಿಯೋ ಬಹಳ ಒಳ್ಳೆಯದು. ಕಥೆ ಗೊತ್ತಿರುವುದರಿಂದ ಗಮನ ವಾಕ್ಯದ ಮೇಲೆ ಬೀಳುತ್ತದೆ.

ಇತಿಹಾಸದ ಪುಸ್ತಕವಾದರೆ ಮೊದಲು ಪರಿವಿಡಿ ನೋಡಿ. ಅಧ್ಯಾಯಗಳು ಕಾಲಾನುಕ್ರಮದಲ್ಲಿದ್ದರೆ ಕೇಳಬಹುದು. ವ್ಯಾಪಾರ, ಧರ್ಮ, ಸೈನ್ಯ, ತೆರಿಗೆ ಎಂದು ವಿಷಯವಾರು ಇದ್ದರೆ ಒಂದೇ ಇಸವಿ ನಾಲ್ಕು ಅಧ್ಯಾಯಗಳಲ್ಲಿ ತಿರುತಿರುಗಿ ಬರುತ್ತದೆ, ಅದನ್ನು ಓದಿಯೇ ಅರ್ಥಮಾಡಿಕೊಳ್ಳಬೇಕು. ಅಡಿಟಿಪ್ಪಣಿಗಳನ್ನು ಸಾಮಾನ್ಯವಾಗಿ ಆಡಿಯೋದಲ್ಲಿ ಓದುವುದಿಲ್ಲ. ಯಾವ ಹೇಳಿಕೆಗೆ ಯಾವ ಆಧಾರ ಎಂದು ತಿಳಿಯುವ ಆಸೆ ಇದ್ದವರಿಗೆ ಅಚ್ಚಿನ ಪ್ರತಿ ಪಕ್ಕದಲ್ಲಿ ಬೇಕೇ ಬೇಕು.

ವಿಜ್ಞಾನ, ಅರ್ಥಶಾಸ್ತ್ರದ ಪುಸ್ತಕಗಳಿಗೆ ಸುಲಭದ ಪರೀಕ್ಷೆ ಒಂದಿದೆ. ಇ-ಬುಕ್‌ನ ಮಾದರಿ ಪುಟಗಳನ್ನು ತಿರುವಿ. ಪ್ರತಿ ಹತ್ತು ಪುಟಕ್ಕೊಂದು ಚಿತ್ರ, ಕೋಷ್ಟಕ ಅಥವಾ ಸೂತ್ರ ಬಂದರೆ ಆಡಿಯೋ ಬೇಡ. ಕೆಲವು ಆಡಿಯೋಬುಕ್‌ಗಳ ಜೊತೆ ಚಿತ್ರಗಳ ಪಿಡಿಎಫ್ ಇರುತ್ತದೆ. ಕೇಳಲು ಶುರುಮಾಡುವ ಮೊದಲೇ ಅದನ್ನು ಇಳಿಸಿಕೊಂಡು ಒಮ್ಮೆ ಪೂರ್ತಿ ನೋಡಿಬಿಡಿ. ‘ಚಿತ್ರ 4 ನೋಡಿ’ ಎಂದಾಗ ನಿಲ್ಲಿಸಿ ಹುಡುಕುತ್ತೇನೆ ಎಂದುಕೊಂಡರೆ ಅದು ಆಗುವ ಮಾತಲ್ಲ. ಈ ಪ್ರಕಾರದಲ್ಲಿ ನನಗೆ ಹಿಡಿಸಿರುವ ಕ್ರಮ, ಮೊದಲು ಇಡೀ ಪುಸ್ತಕ ಕೇಳಿ ಲೇಖಕರ ವಾದದ ದಾರಿ ತಿಳಿದುಕೊಂಡು, ತೂಕ ಇರುವ ಎರಡು ಮೂರು ಅಧ್ಯಾಯಗಳನ್ನು ಮಾತ್ರ ಪೆನ್ಸಿಲ್ ಹಿಡಿದು ಓದುವುದು.

ಇಂಥ ಪುಸ್ತಕಗಳಲ್ಲೇ ವೇಗ ಹೆಚ್ಚಿಸುವ ಆಸೆ ಹುಟ್ಟುವುದು. ಲೆಕ್ಕ ಹಾಕಿ ನೋಡಿ. 10 ಗಂಟೆಯ ಪುಸ್ತಕ 1.25 ಪಟ್ಟು ವೇಗದಲ್ಲಿ 8 ಗಂಟೆಗೆ ಮುಗಿಯುತ್ತದೆ, ಅಂದರೆ 2 ಗಂಟೆ ಉಳಿತಾಯ. 1.5ರಲ್ಲಿ 6 ಗಂಟೆ 40 ನಿಮಿಷ, ಮತ್ತೆ 1 ಗಂಟೆ 20 ನಿಮಿಷ ಉಳಿತಾಯ. 1.75ಕ್ಕೆ ಏರಿಸಿದರೆ ಇನ್ನು 57 ನಿಮಿಷ, 2ಕ್ಕೆ ಏರಿಸಿದರೆ ಇನ್ನು ಸುಮಾರು 43 ನಿಮಿಷ ಮಾತ್ರ. ಏರಿಸಿದಷ್ಟೂ ಲಾಭ ಕುಗ್ಗುತ್ತದೆ, ತಿಳಿಯುವ ಕಷ್ಟ ಬೆಳೆಯುತ್ತದೆ. ಈಗಿನ ಆ್ಯಪ್‌ಗಳು ದನಿಯ ಶ್ರುತಿ ಏರದಂತೆ ವೇಗ ಹೆಚ್ಚಿಸುತ್ತವೆ, ಆದ್ದರಿಂದ ಕೀರಲು ದನಿ ಬರುವುದಿಲ್ಲ, ನಿಜ. ಆದರೆ ವಾಕ್ಯಗಳ ನಡುವಿನ ಬಿಡುವೂ ಅಷ್ಟೇ ಕುಗ್ಗುತ್ತದೆ, ಕೇಳಿದ್ದನ್ನು ಮನಸ್ಸು ಜೋಡಿಸಿಕೊಳ್ಳುವುದು ಆ ಬಿಡುವಿನಲ್ಲೇ. ವಿಚಾರದ ಪುಸ್ತಕಕ್ಕೆ 1.25, ನಿಧಾನವಾಗಿ ಓದುವವರಿದ್ದರೆ 1.5. ಕಾದಂಬರಿಗೆ 1 ಅಥವಾ 1.1. ಮೌನವನ್ನು ತಾನೇ ಕತ್ತರಿಸುವ ಸೆಟ್ಟಿಂಗ್ ಕೆಲವು ಆ್ಯಪ್‌ಗಳಲ್ಲಿದೆ. ಸಂದರ್ಶನಕ್ಕೆ ಅದು ಸರಿ, ಕಥೆಗೆ ಖಂಡಿತ ಆಫ್ ಮಾಡಿಡಿ.

ಆತ್ಮಕಥೆಯನ್ನು ಲೇಖಕರೇ ಓದಿದ್ದರೆ ಕಣ್ಣು ಮುಚ್ಚಿ ಅದನ್ನೇ ಆರಿಸಿಕೊಳ್ಳಿ. ವೃತ್ತಿಪರರಷ್ಟು ನಯ ಇರಲಿಕ್ಕಿಲ್ಲ, ಉಸಿರು ಕೇಳಿಸಬಹುದು, ಆದರೆ ಯಾವ ಮಾತಿಗೆ ತೂಕ, ಯಾವುದನ್ನು ಬೇಗ ಹೇಳಿ ಮುಗಿಸಬೇಕು ಎಂಬುದು ಅವರಿಗೆ ಗೊತ್ತು. ಕಾದಂಬರಿಗೆ ಈ ನಿಯಮ ತಲೆಕೆಳಗು. ಅಲ್ಲಿ ಹತ್ತು ಜನರ ಮಾತನ್ನು ಬೇರೆ ಬೇರೆಯಾಗಿ ಕೇಳಿಸಬೇಕಾದ್ದರಿಂದ ನುರಿತ ದನಿಯೇ ಬೇಕು. ಮಾದರಿ ಕೇಳುವಾಗ ಬಹಳ ಜನ ಮೊದಲ ಎರಡು ನಿಮಿಷ ಕೇಳಿ ತೀರ್ಮಾನಿಸುತ್ತಾರೆ, ಅಲ್ಲಿ ಬರೀ ವರ್ಣನೆ ಇರುತ್ತದೆ. ಸಂಭಾಷಣೆ ಬರುವ ತನಕ ಕೇಳಿ. ‘ಎಂದಳು’, ‘ಎಂದನು’ ಬರುವ ಮೊದಲೇ ಮಾತನಾಡಿದವರು ಯಾರೆಂದು ಗೊತ್ತಾದರೆ ಓದುವವರು ಒಳ್ಳೆಯವರು. ನೀವು ಕೇಳಲಿರುವ ವೇಗದಲ್ಲೇ ಮಾದರಿಯನ್ನೂ ಕೇಳಿ.

ಕವಿತೆಗೆ ಕಿವಿಯೇ ತವರು. ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುವುದು ಕಾಗದದ ಮೇಲೆ ಬರೀ ಲೆಕ್ಕ, ಗಟ್ಟಿಯಾಗಿ ಓದಿದಾಗಲೇ ನಡೆ. ಆದರೆ ಕವನ ಸಂಕಲನವನ್ನು ಕಾದಂಬರಿಯಂತೆ ಒಂದೇ ಸಮನೆ ಹಾಕಿಟ್ಟರೆ ಆರನೆಯ ಕವಿತೆಯ ಹೊತ್ತಿಗೆ ಯಾವುದೂ ಉಳಿಯುವುದಿಲ್ಲ. ಒಂದು ಕವಿತೆ, ಎರಡು ಸಲ, ಸಾಮಾನ್ಯ ವೇಗದಲ್ಲಿ. ನಡುವೆ ಒಮ್ಮೆ ನೀವೇ ಗಟ್ಟಿಯಾಗಿ ಓದಿ. 2013ರ ಒಂದು ಅಧ್ಯಯನದಲ್ಲಿ ಮನಸ್ಸು ಅತಿ ಹೆಚ್ಚು ಅಲೆದದ್ದು ಬರೀ ಕೇಳುವಾಗ, ಅತಿ ಕಡಿಮೆ ಅಲೆದದ್ದು ಸ್ವತಃ ಗಟ್ಟಿಯಾಗಿ ಓದುವಾಗ.

ಸಣ್ಣಕಥೆಗಳಿಗೂ ಇದೇ ತೊಂದರೆ. ಒಂದು ಕಥೆ ಮುಗಿದ ಎರಡೇ ಸೆಕೆಂಡಿಗೆ ಆ್ಯಪ್ ಮುಂದಿನದನ್ನು ಶುರುಮಾಡುತ್ತದೆ, ಮುಗಿದ ಕಥೆಗೆ ಮನಸ್ಸಿನಲ್ಲಿ ಇಳಿಯಲು ಜಾಗವೇ ಸಿಗುವುದಿಲ್ಲ. ನಿದ್ದೆ ಹೋಗುವವರಿಗೆಂದು ಆಡಿಯೋವನ್ನು ತಾನಾಗಿ ನಿಲ್ಲಿಸುವ ಸ್ಲೀಪ್ ಟೈಮರ್‌ನಲ್ಲಿ ‘ಅಧ್ಯಾಯದ ಕೊನೆಗೆ’ ಎಂಬ ಆಯ್ಕೆ ಇದ್ದರೆ ಅದನ್ನು ಹಗಲಿನಲ್ಲೂ ಹಾಕಿಕೊಳ್ಳಿ.

ಕೊಳ್ಳುವ ಅಥವಾ ಎರವಲು ಪಡೆಯುವ ಮೊದಲು ಅವಧಿ ನೋಡುವುದನ್ನು ಮರೆಯಬೇಡಿ. ಇಂಗ್ಲಿಷ್ ಆಡಿಯೋಬುಕ್‌ಗೆ ಗಂಟೆಗೆ ಸುಮಾರು 9,300 ಪದಗಳ ಲೆಕ್ಕ ರೂಢಿಯಲ್ಲಿದೆ. 90,000 ಪದಗಳ ಕಾದಂಬರಿ ಹತ್ತು ಗಂಟೆಗೆ ಸ್ವಲ್ಪ ಕಡಿಮೆ ಇರಬೇಕು. ನಾಲ್ಕು ಗಂಟೆ ಎಂದಿದ್ದರೆ ಅದು ಸಂಕ್ಷಿಪ್ತ ಆವೃತ್ತಿ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಪದದ ಲೆಕ್ಕ ಕೈಕೊಡುತ್ತದೆ. ಒಂದು ಪುಟವನ್ನು ಗಡಿಯಾರ ನೋಡಿ ಗಟ್ಟಿಯಾಗಿ ಓದಿ, ಪುಟಗಳ ಸಂಖ್ಯೆಯಿಂದ ಗುಣಿಸಿ. ಪುಟಕ್ಕೆ 2 ನಿಮಿಷವಾದರೆ 200 ಪುಟಕ್ಕೆ 6 ಗಂಟೆ 40 ನಿಮಿಷ.

ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳಿಗೆ 2005ರಲ್ಲಿ ಶುರುವಾದ ಲಿಬ್ರಿವಾಕ್ಸ್ ಇದೆ. ಸ್ವಯಂಸೇವಕರು ಓದಿ ಉಚಿತವಾಗಿ ಕೊಡುತ್ತಾರೆ. ಅಲ್ಲಿ ಕೆಲವು ಪುಸ್ತಕಗಳನ್ನು ಅಧ್ಯಾಯಕ್ಕೊಬ್ಬರಂತೆ ಓದಿರುತ್ತಾರೆ, ಕಾದಂಬರಿಯಾದರೆ ಒಬ್ಬರೇ ಓದಿದ್ದನ್ನು ಹುಡುಕಿಕೊಳ್ಳಿ. 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಎಂಪಿ3 ಕಡತ ಗಂಟೆಗೆ ಸುಮಾರು 29 ಎಂಬಿ ಆಗುತ್ತದೆ, ಮಾತಿಗೆ ಅಷ್ಟು ಗುಣಮಟ್ಟ ಸಾಕು. ಬಿಡಿ ಬಿಡಿ ಎಂಪಿ3ಗಳಲ್ಲಿ ಎರಡು ಎಡವಟ್ಟು ಆಗುತ್ತವೆ. ಕಡತದ ಹೆಸರು 1, 2, 10 ಎಂದಿದ್ದರೆ ಕೆಲವು ಪ್ಲೇಯರ್‌ಗಳು 1ರ ನಂತರ 10ನ್ನು ಹಾಡಿಸಿಬಿಡುತ್ತವೆ. 01, 02, 10 ಎಂದು ಹೆಸರು ಬದಲಿಸಿದರೆ ಸರಿಹೋಗುತ್ತದೆ. ಇನ್ನು, ಹಾಡಿನ ಪ್ಲೇಯರ್‌ಗಳು ಎಲ್ಲಿ ನಿಲ್ಲಿಸಿದಿರೆಂದು ಸಾಮಾನ್ಯವಾಗಿ ನೆನಪಿಡುವುದಿಲ್ಲ. ಆಡಿಯೋಬುಕ್‌ಗೆಂದೇ ಮಾಡಿದ ಆ್ಯಪ್ ಬಳಸಿ, ಅಥವಾ ಅಧ್ಯಾಯಗಳ ಗುರುತು ಒಳಗೇ ಇರುವ ಎಂ4ಬಿ ಕಡತ ಸಿಕ್ಕರೆ ಅದನ್ನು ತೆಗೆದುಕೊಳ್ಳಿ.

ಗದ್ದಲದ ಜಾಗದಲ್ಲಿ ಕೇಳುವವರು ದನಿ ಏರಿಸುತ್ತ ಹೋಗುತ್ತಾರೆ, ಅದೂ ಗಂಟೆಗಟ್ಟಲೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 3 ಡೆಸಿಬೆಲ್ ಹೆಚ್ಚಾದರೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಹೊರಗಿನ ಸದ್ದನ್ನು ತಡೆಯುವ ಇಯರ್‌ಫೋನ್ ಇದ್ದರೆ ಕಡಿಮೆ ದನಿಯಲ್ಲೇ ಮಾತು ಸ್ಪಷ್ಟವಾಗುತ್ತದೆ, ರಸ್ತೆಯಲ್ಲಿ ನಡೆಯುವಾಗ ಮಾತ್ರ ಅದು ಬೇಡ.

ಏಕಕಾಲಕ್ಕೆ ಎರಡು ಪುಸ್ತಕ ಇಟ್ಟುಕೊಳ್ಳುವುದಾದರೆ ಕಿವಿಗೆ ಒಂದು, ಕಣ್ಣಿಗೆ ಒಂದು, ಅವೂ ಬೇರೆ ಪ್ರಕಾರದವು. ಎರಡೂ ಪತ್ತೇದಾರಿಯಾದರೆ ಒಂದರ ಅಳಿಯ ಇನ್ನೊಂದರ ಮನೆಗೆ ನುಗ್ಗುತ್ತಾನೆ. ಬುಕ್‌ಮಾರ್ಕ್ ಒತ್ತಿದ ಜಾಗಗಳನ್ನು ಅದೇ ದಿನ ಮತ್ತೆ ಕೇಳಿ ಒಂದೊಂದು ಸಾಲು ಬರೆದಿಡಿ. ವಾರ ಬಿಟ್ಟು ನೋಡಿದರೆ ‘ಅಧ್ಯಾಯ 12, 14:05’ ಎಂಬುದು ಏನನ್ನೂ ಹೇಳುವುದಿಲ್ಲ. ನಿಲ್ಲಿಸಿದ ಪುಸ್ತಕಕ್ಕೆ ಮರಳುವಾಗ ಒಂದು ದಿನದ ಅಂತರವಾದರೆ ಎರಡು ನಿಮಿಷ ಹಿಂದಿನಿಂದ, ವಾರವಾದರೆ ಆ ಅಧ್ಯಾಯದ ಮೊದಲಿನಿಂದ ಶುರುಮಾಡಿ. ತಿಂಗಳು ದಾಟಿದ್ದರೆ ಪ್ರಬಂಧ ಸಂಕಲನವನ್ನು ಎಲ್ಲಿಂದಲಾದರೂ ಮುಂದುವರಿಸಬಹುದು, ಪತ್ತೇದಾರಿ ಕಾದಂಬರಿಯನ್ನು ಮೊದಲ ಅಧ್ಯಾಯದಿಂದಲೇ ಕೇಳಬೇಕು.